ಗಾಯಗೊಂಡ ಆಟಗಾರನ ಕರಾರು ಮತ್ತು ನಮ್ಮ ಹುಡುಗರ ಮೊಣಕಾಲು

ಫುಟ್‌ಬಾಲ್ ಋತು ಮುಗಿಯಿತೆಂದರೆ ಅಭಿಮಾನಿಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ತಂಡದ ಒಳ್ಳೆಯ ಆಟಗಾರನೊಬ್ಬ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಹೊರಗೆ ಕುಳಿತಿರುತ್ತಾನೆ. ಅವನ ಕರಾರಿನ ಅವಧಿ ಮುಗಿಯುತ್ತ ಬಂದಿರುತ್ತದೆ. ‘ಅವನನ್ನು ಉಳಿಸಿಕೊಳ್ಳಬೇಕು, ಇಂಥ ಆಟಗಾರ ಮತ್ತೆ ಸಿಗುವುದಿಲ್ಲ’ ಎಂದು ಒಂದು ಗುಂಪು. ‘ಕಾಲು ಹೋದ ಮೇಲೆ ಮುಗಿಯಿತು, ಆ ದುಡ್ಡಿಗೆ ಬೇರೆಯವನನ್ನು ತರಲಿ’ ಎಂದು ಇನ್ನೊಂದು ಗುಂಪು. ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಪಂದ್ಯ ನೋಡಿ ಬರುವ ಯುವಕರೂ, ಟಿ.ವಿ.ಯ ಮುಂದೆ ಸರಿರಾತ್ರಿಯವರೆಗೆ ಯೂರೋಪಿನ ಪಂದ್ಯ ನೋಡುವವರೂ ಈ ಚರ್ಚೆಯಲ್ಲಿ ಬಿಸಿಯಾಗಿಯೇ ಪಾಲ್ಗೊಳ್ಳುತ್ತಾರೆ.

ಇದು ಆಟದ ಪುಟದ ವಿಷಯ, ಆರೋಗ್ಯದ ಅಂಕಣದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕರಾರಿನ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರೊಳಗೆ ಇರುವುದು ವೈದ್ಯಕೀಯದ ಪ್ರಶ್ನೆಗಳೇ. ಹರಿದ ಅಸ್ಥಿರಜ್ಜು ಮತ್ತೆ ಕೂಡುತ್ತದೆಯೆ? ಎಷ್ಟು ದಿನ ಬೇಕು? ಮೊದಲಿನಂತೆ ಆಡಬಹುದೆ? ಮತ್ತೆ ಹರಿಯುವ ಭಯವೆಷ್ಟು? ಇದೇ ಪ್ರಶ್ನೆಗಳನ್ನು ಕುಣಿಗಲ್ಲಿನ ಕಬಡ್ಡಿ ಆಟಗಾರನ ತಂದೆಯೂ, ಗುಬ್ಬಿಯ ಕಾಲೇಜು ಹುಡುಗಿಯ ತಾಯಿಯೂ ವೈದ್ಯರ ಮುಂದೆ ಕುಳಿತು ಕೇಳುತ್ತಾರೆ. ಆದ್ದರಿಂದ ಈ ವಾರ ದೊಡ್ಡ ಆಟಗಾರರ ಉದಾಹರಣೆಯನ್ನು ಇಟ್ಟುಕೊಂಡು ನಮ್ಮ ಮೊಣಕಾಲನ್ನು ಅರಿಯಲು ಪ್ರಯತ್ನಿಸೋಣ.

ಎರಡು ಮೊಣಕಾಲುಗಳ ಕಥೆ

ಬ್ರೆಜಿಲಿನ ನೇಮಾರ್ 2023ರಲ್ಲಿ ಸೌದಿ ಅರೇಬಿಯಾದ ಅಲ್ ಹಿಲಾಲ್ ಕ್ಲಬ್ ಸೇರಿದಾಗ ಅದು ಜಗತ್ತಿನ ಸುದ್ದಿಯಾಗಿತ್ತು. ಅದೇ ವರ್ಷ ಅಕ್ಟೋಬರ್ 17ರಂದು ಉರುಗ್ವೆ ವಿರುದ್ಧ ತನ್ನ ದೇಶದ ಪರವಾಗಿ ಆಡುತ್ತಿದ್ದಾಗ ಆತನ ಎಡ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ನವೆಂಬರ್ 6ರಂದು ಅಲ್ ಹಿಲಾಲ್ ತಂಡ ಮುಂಬೈ ಸಿಟಿ ವಿರುದ್ಧ ಆಡಲು ನವಿ ಮುಂಬೈಗೆ ಬಂದಾಗ, ನೇಮಾರನನ್ನು ಕಣ್ಣಾರೆ ನೋಡಬಹುದೆಂದು ಕಾದಿದ್ದ ನಮ್ಮ ದೇಶದ ಅಭಿಮಾನಿಗಳಿಗೆ ನಿರಾಶೆ ಕಾದಿತ್ತು. ಆತ ಮತ್ತೆ ಮೈದಾನಕ್ಕಿಳಿದದ್ದು 2024ರ ಅಕ್ಟೋಬರಿನಲ್ಲಿ, ಒಂದು ವರ್ಷ ಕಳೆದ ಮೇಲೆ. ಕೆಲವೇ ದಿನಗಳಲ್ಲಿ ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟಿತು. 2025ರ ಜನವರಿಯಲ್ಲಿ ಕ್ಲಬ್ಬೂ ಆಟಗಾರನೂ ಒಪ್ಪಿ ಕರಾರನ್ನು ಮುಕ್ತಾಯಗೊಳಿಸಿದರು. ಅಷ್ಟು ದಿನಗಳಲ್ಲಿ ಆತ ಆ ಕ್ಲಬ್ಬಿಗೆ ಆಡಿದ್ದು 7 ಪಂದ್ಯ ಮಾತ್ರ. ಬಳಿಕ ಆತನ ಹಳೆಯ ಕ್ಲಬ್ ಸ್ಯಾಂಟೋಸ್ ಮೊದಲು ಆರು ತಿಂಗಳ ಕರಾರು ಮಾಡಿಕೊಂಡಿತು. ಜೂನಿನಲ್ಲಿ ಅದನ್ನು ವರ್ಷಾಂತ್ಯದವರೆಗೆ ವಿಸ್ತರಿಸಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಆಶಿಕ್ ಕುರುಣಿಯನ್. ಕೇರಳದ ಮಲಪ್ಪುರಂ ಕಡೆಯ ಈ ಆಟಗಾರ 2019ರಿಂದ 2022ರವರೆಗೆ ಬೆಂಗಳೂರು ಎಫ್.ಸಿ.ಯಲ್ಲಿದ್ದು, ನಂತರ ಕೊಲ್ಕತ್ತದ ಮೋಹನ್ ಬಗಾನ್ ಸೇರಿದರು. 2023ರ ಸೆಪ್ಟೆಂಬರಿನಲ್ಲಿ ಥಾಯ್ಲೆಂಡಿನ ಕಿಂಗ್ಸ್ ಕಪ್ ಪಂದ್ಯಾವಳಿಯಲ್ಲಿ ಭಾರತದ ಪರವಾಗಿ ಆಡುತ್ತಿದ್ದಾಗ ಅವರಿಗೂ ಇದೇ ಅಸ್ಥಿರಜ್ಜಿನ ಗಾಯವಾಯಿತು. ಆ ಋತುವೆಲ್ಲ ಆಟ ನಿಂತುಹೋಯಿತು. ಮುಂದಿನ ಋತುವಿನಲ್ಲಿ ಮರಳಿ ಬಂದರು, ಭಾರತ ತಂಡಕ್ಕೂ ಬಂದರು, 2025ರಲ್ಲಿ ಮತ್ತೆ ಬೆಂಗಳೂರು ಎಫ್.ಸಿ. ಅವರನ್ನು ಕರೆದುಕೊಂಡಿತು.

ಇಬ್ಬರದೂ ಒಂದೇ ಬಗೆಯ ಗಾಯ. ನೇಮಾರನಿಗೆ ಗಾಯವಾದಾಗ 31 ವರ್ಷ, ಅದಕ್ಕೆ ಮೊದಲೇ ಪಾದ ಹಾಗೂ ಕಣಕಾಲಿನ ಹಲವು ಗಾಯಗಳನ್ನು ಕಂಡಿದ್ದ ಶರೀರ. ಆಶಿಕ್‌ಗೆ 26 ವರ್ಷ. ಗಾಯದ ಹೆಸರೊಂದನ್ನೇ ಕೇಳಿ ಆಟಗಾರನ ಭವಿಷ್ಯವನ್ನು ಹೇಳಲು ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಮೊಣಕಾಲಿನ ಒಳಗೆ ಏನಿದೆ?

ಮೊಣಕಾಲು ಬಾಗಿಲ ತಿರುಗಣಿಯಂತೆ ಮಡಚಿ ಬಿಚ್ಚುವ ಕೀಲು. ಮೇಲೆ ತೊಡೆಯ ಮೂಳೆ, ಕೆಳಗೆ ಮುಂಗಾಲಿನ ಮೂಳೆ, ಮುಂದುಗಡೆ ಮೊಣಕಾಲ ಚಿಪ್ಪು. ಮೇಲಿನ ಮೂಳೆಯ ತುದಿ ಗುಂಡಾಗಿಯೂ, ಕೆಳಗಿನದರ ತಲೆ ಹೆಚ್ಚು ಕಡಿಮೆ ಚಪ್ಪಟೆಯಾಗಿಯೂ ಇರುತ್ತದೆ. ಚಪ್ಪಟೆ ಕಲ್ಲಿನ ಮೇಲೆ ಎರಡು ತೆಂಗಿನಕಾಯಿ ಇಟ್ಟಂತೆ ಎನ್ನಬಹುದು. ತಾನಾಗಿ ನಿಲ್ಲಲಾರದ ಇಂಥ ಕೀಲನ್ನು ನಿಲ್ಲಿಸುವುದು ಅದರ ಸುತ್ತಲಿನ ಸ್ನಾಯುಗಳು ಮತ್ತು ಅಸ್ಥಿರಜ್ಜುಗಳು. ಅಸ್ಥಿರಜ್ಜು ಎಂದರೆ ಒಂದು ಮೂಳೆಯನ್ನು ಇನ್ನೊಂದಕ್ಕೆ ಕಟ್ಟಿರುವ ಗಟ್ಟಿಯಾದ ನಾರಿನ ಹಗ್ಗ.

ಮೊಣಕಾಲಿನಲ್ಲಿ ಇಂಥ ಮುಖ್ಯವಾದ ಹಗ್ಗಗಳು ನಾಲ್ಕು. ಒಳಪಕ್ಕಕ್ಕೊಂದು, ಹೊರಪಕ್ಕಕ್ಕೊಂದು. ಇನ್ನೆರಡು ಕೀಲಿನ ನಡುವೆಯೇ ಕತ್ತರಿಯಂತೆ ಒಂದನ್ನೊಂದು ದಾಟಿ ಹೋಗುತ್ತವೆ. ಇವುಗಳಲ್ಲಿ ಮುಂದಿನದನ್ನು ವೈದ್ಯರು ಎ.ಸಿ.ಎಲ್. ಎಂದು ಕರೆಯುತ್ತಾರೆ. ಉದ್ದ ಸುಮಾರು 3 ಸೆಂಟಿಮೀಟರ್. ಮುಂಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮೊಣಕಾಲು ಅತಿಯಾಗಿ ತಿರುಚಿಕೊಳ್ಳದಂತೆ ತಡೆಯುವುದು ಇದರ ಕೆಲಸ. ನೇರವಾಗಿ ನಡೆಯುವಾಗ ಇದರ ಅಗತ್ಯ ಅಷ್ಟಾಗಿ ಕಾಣುವುದಿಲ್ಲ. ಓಡುತ್ತ ಓಡುತ್ತ ಥಟ್ಟನೆ ನಿಂತು ದಿಕ್ಕು ಬದಲಿಸಿದಾಗ, ಎತ್ತರಕ್ಕೆ ಹಾರಿ ಒಂದು ಕಾಲಿನ ಮೇಲೆ ಇಳಿದಾಗ ಇದರ ಬೆಲೆ ತಿಳಿಯುತ್ತದೆ.

ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳೂ ಇವೆ. ಇವು ಮೃದ್ವಸ್ಥಿಯಿಂದ ಆದವು. ಮಿನಿಸ್ಕಸ್ ಎಂದು ಹೆಸರು. ದೇಹದ ಭಾರವನ್ನು ಹಂಚಿ, ಪೆಟ್ಟನ್ನು ತಗ್ಗಿಸುವ ಈ ಮೆತ್ತೆಗಳ ಮಾತು ಮುಂದೆ ಮತ್ತೆ ಬರುತ್ತದೆ.

ಪೆಟ್ಟು ಹೇಗೆ ಬೀಳುತ್ತದೆ?

ಎದುರಾಳಿ ಬಂದು ಗುದ್ದಿದ್ದರಿಂದಲೇ ಅಸ್ಥಿರಜ್ಜು ಹರಿಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಹೆಚ್ಚಿನ ಎ.ಸಿ.ಎಲ್. ಗಾಯಗಳು ಯಾರೂ ಮೊಣಕಾಲನ್ನು ಮುಟ್ಟದೆಯೇ ಆಗುತ್ತವೆ. ಪಾದ ನೆಲದಲ್ಲಿ ಊರಿರುತ್ತದೆ, ಶರೀರ ಇನ್ನೊಂದು ಕಡೆಗೆ ತಿರುಗುತ್ತದೆ, ಮೊಣಕಾಲು ಒಳಕ್ಕೆ ಕುಸಿಯುತ್ತದೆ. ಅಷ್ಟೆ, ಕ್ಷಣಾರ್ಧದ ಕೆಲಸ.

ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲಿಗಿಂತ ಕಬಡ್ಡಿ, ವಾಲಿಬಾಲ್, ಕೊಕ್ಕೊ ಆಡುವವರೇ ಹೆಚ್ಚು. ಕಬಡ್ಡಿಯಲ್ಲಿ ದಾಳಿಗೆ ಹೋದವನ ಕಣಕಾಲನ್ನು ಒಬ್ಬ ಹಿಡಿದಿರುತ್ತಾನೆ, ಇನ್ನಿಬ್ಬರು ಸೊಂಟಕ್ಕೆ ಬಿದ್ದಿರುತ್ತಾರೆ, ಅವನು ಗೆರೆ ಮುಟ್ಟಲು ಮೈ ತಿರುಚುತ್ತಾನೆ. ಮೊಣಕಾಲಿಗೆ ಇದಕ್ಕಿಂತ ಅಪಾಯದ ಸ್ಥಿತಿ ಬೇರೆ ಬೇಕಿಲ್ಲ. ವಾಲಿಬಾಲಿನಲ್ಲಿ ನೆಟ್ ಬಳಿ ಹಾರಿ ಒಂಟಿಕಾಲಿನಲ್ಲಿ ಇಳಿಯುವಾಗ, ಕೊಕ್ಕೊದಲ್ಲಿ ಕಂಬ ಸುತ್ತುವಾಗ ಇದೇ ಆಗುತ್ತದೆ. ಒಂದೇ ಬಗೆಯ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯದ ಸಂಭವ ಎರಡು ಮೂರು ಪಟ್ಟು ಹೆಚ್ಚು. ಹಾಗೆಂದು ಹುಡುಗಿಯರನ್ನು ಆಟದಿಂದ ಬಿಡಿಸಬೇಕಾಗಿಲ್ಲ. ಅವರಿಗೆ ಸರಿಯಾಗಿ ಇಳಿಯುವುದನ್ನು, ಕಾಲಿನ ಬಲ ಬೆಳೆಸಿಕೊಳ್ಳುವುದನ್ನು ಕಲಿಸಬೇಕು.

ಗುರುತಿಸುವುದು ಹೇಗೆ?

ಗಾಯವಾದವರು ‘ಒಳಗೆ ಟಪ್ ಎಂದು ಏನೋ ಕಿತ್ತುಹೋದ ಹಾಗಾಯಿತು’ ಎನ್ನುತ್ತಾರೆ. ಆಟ ಮುಂದುವರಿಸಲು ಆಗುವುದಿಲ್ಲ. ಕೆಲವೇ ಗಂಟೆಗಳೊಳಗೆ ಮೊಣಕಾಲು ಬಾತುಕೊಳ್ಳುತ್ತದೆ. ಇದು ಮುಖ್ಯವಾದ ಸುಳಿವು. ಇಷ್ಟು ಬೇಗ ಬರುವ ಊತವೆಂದರೆ ಕೀಲಿನೊಳಗೆ ರಕ್ತ ಸೋರಿದೆ ಎಂದರ್ಥ. ಮಿನಿಸ್ಕಸ್ ಮಾತ್ರ ಹರಿದಾಗ ಊತ ಸಾಮಾನ್ಯವಾಗಿ ನಿಧಾನವಾಗಿ, ಮರುದಿನ ಕಾಣಿಸಿಕೊಳ್ಳುತ್ತದೆ.

ಇಲ್ಲಿಂದ ಮುಂದೆಯೇ ಮೋಸ ಹೋಗುವ ಹಂತ. ಎರಡು ಮೂರು ವಾರಗಳಲ್ಲಿ ಊತ ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ, ಹುಡುಗ ಮಾಮೂಲಿನಂತೆ ನಡೆಯುತ್ತಾನೆ. ಎಕ್ಸ್-ರೇ ತೆಗೆಸಿದ್ದರೆ ‘ಮೂಳೆ ಮುರಿದಿಲ್ಲ’ ಎಂದು ಬಂದಿರುತ್ತದೆ. ಎಕ್ಸ್-ರೇಯಲ್ಲಿ ಅಸ್ಥಿರಜ್ಜು ಕಾಣಿಸುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ವಾಸಿಯಾಯಿತೆಂದು ಮೈದಾನಕ್ಕೆ ಇಳಿದ ದಿನ, ತಿರುಗುವಾಗ ಕಾಲು ತಪ್ಪಿ ಬೀಳುತ್ತಾನೆ. ಹೀಗೆ ಪ್ರತಿ ಬಾರಿ ಕಾಲು ತಪ್ಪಿದಾಗಲೂ ಒಳಗಿನ ಮಿನಿಸ್ಕಸ್ ಮೆತ್ತೆ ಜಜ್ಜಿ ಹರಿಯುವ ಸಂಭವವುಂಟು. ಮೊದಲ ದಿನ ಒಂದು ಹಗ್ಗ ಮಾತ್ರ ಹರಿದಿದ್ದ ಮೊಣಕಾಲು, ಆರು ತಿಂಗಳಲ್ಲಿ ಮೆತ್ತೆಯನ್ನೂ ಕಳೆದುಕೊಂಡಿರುತ್ತದೆ.

ಆದ್ದರಿಂದ ಬೇಗನೆ ಊದಿಕೊಂಡ ಮೊಣಕಾಲನ್ನು ಮೂಳೆ ಮತ್ತು ಕೀಲು ತಜ್ಞರಿಗೆ ತೋರಿಸಲೇಬೇಕು. ಅವರು ಮೊಣಕಾಲನ್ನು ಸ್ವಲ್ಪ ಮಡಚಿ, ಮುಂಗಾಲನ್ನು ಮುಂದಕ್ಕೆ ಎಳೆದು ನೋಡಿ, ಹಗ್ಗ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ಕೈಯಿಂದಲೇ ಬಹುಮಟ್ಟಿಗೆ ಹೇಳಬಲ್ಲರು. ಅಗತ್ಯವೆನಿಸಿದರೆ ಎಂ.ಆರ್.ಐ. ತೆಗೆಸುತ್ತಾರೆ.

ಮೊದಲ ಎರಡು ದಿನ

ಪೆಟ್ಟಾದ ಕೂಡಲೇ ಆಟ ನಿಲ್ಲಿಸಿ. ‘ಸ್ವಲ್ಪ ನಡೆದಾಡು, ಸರಿಹೋಗುತ್ತದೆ’ ಎಂದು ಎಬ್ಬಿಸಬೇಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಮ್ಮೆಗೆ 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ ಇಡಿ. ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಹಿಗ್ಗುವ ಬ್ಯಾಂಡೇಜನ್ನು ಹದವಾಗಿ ಸುತ್ತಿ. ಮಲಗಿದಾಗ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ.

ಬಿಸಿ ಎಣ್ಣೆ ಹಾಕಿ ತಿಕ್ಕುವುದು, ಎಳೆದು ‘ಕೂರಿಸುವುದು’, ಬಿದಿರಿನ ದಬ್ಬೆ ಕಟ್ಟಿ ತಿಂಗಳುಗಟ್ಟಲೆ ಅಲುಗಿಸದಿರುವುದು ಇವು ಯಾವುವೂ ಬೇಡ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ. ಬಹಳ ದಿನ ಕಟ್ಟಿಟ್ಟರೆ ಕೀಲು ಬಿಗಿದು ತೊಡೆಯ ಸ್ನಾಯು ಸೊರಗುತ್ತದೆ. ಪಾದ ತಣ್ಣಗಾಗಿದ್ದರೆ, ಮರಗಟ್ಟಿದ್ದರೆ, ಮೊಣಕಾಲು ಅರ್ಧಕ್ಕೆ ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ, ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಕುಣಿಗಲ್ಲಾಗಲಿ ಗುಬ್ಬಿಯಾಗಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಬರಬಹುದು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆ?

ಬೇಡ. ಸ್ವೀಡನ್ನಿನಲ್ಲಿ 121 ಮಂದಿ ಚಟುವಟಿಕೆಯ ಯುವಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಬೆಳಕು ಚೆಲ್ಲಿದೆ. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮ ಕೊಡಲಾಯಿತು. ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಕಾಲು ತಪ್ಪುವುದು ನಿಲ್ಲದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷಗಳ ಬಳಿಕ ನೋಡಿದಾಗ ನೋವು, ಚಲನೆ, ಜೀವನದ ಗುಣಮಟ್ಟ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ ಇದ್ದವು. ಎರಡನೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಎರಡು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯ ಅಗತ್ಯವೇ ಬರಲಿಲ್ಲ.

ಆದ್ದರಿಂದ ಅಂಗಡಿ ನೋಡಿಕೊಳ್ಳುವ, ಕಚೇರಿಗೆ ಹೋಗುವ, ವಾರಕ್ಕೊಮ್ಮೆ ಸೈಕಲ್ ತುಳಿಯುವ ವ್ಯಕ್ತಿಗೆ ಬಲ ಬೆಳೆಸುವ ವ್ಯಾಯಾಮವೇ ಸಾಕಾಗಬಹುದು. ತಿರುಗಿ ಹಾರುವ ಆಟಕ್ಕೆ ಮರಳಬೇಕೆನ್ನುವವರಿಗೆ, ನಡೆಯುವಾಗಲೇ ಕಾಲು ತಪ್ಪುವವರಿಗೆ, ಮಿನಿಸ್ಕಸ್ ಕೂಡ ಹರಿದವರಿಗೆ ಶಸ್ತ್ರಚಿಕಿತ್ಸೆ ಹೆಚ್ಚು ಸೂಕ್ತ. ಅಡಿಕೆ ಮರ, ತೆಂಗಿನ ಮರ ಹತ್ತಿ ಹೊಟ್ಟೆ ಹೊರೆಯುವವರ ವಿಷಯವನ್ನೂ ಇಲ್ಲಿ ಹೇಳಬೇಕು. ಅವರ ಮೊಣಕಾಲಿನ ಅಗತ್ಯ ಆಟಗಾರನಿಗಿಂತ ಕಡಿಮೆಯದಲ್ಲ. ‘ನಾನು ಮಾಡುವ ಕೆಲಸ ಇಂಥದು’ ಎಂದು ತಜ್ಞರಿಗೆ ಬಿಡಿಸಿ ಹೇಳಿಯೇ ನಿರ್ಧಾರ ಕೇಳಬೇಕು. ಇನ್ನೂ ಎತ್ತರ ಬೆಳೆಯುತ್ತಿರುವ ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯ ಪದರಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳಬೇಕಾಗುವುದರಿಂದ ಅನುಭವಿ ತಜ್ಞರೇ ಬೇಕು.

ಹೊಸ ಹಗ್ಗ ಹಣ್ಣಾಗುವ ಕಾಲ

ಹರಿದ ಎ.ಸಿ.ಎಲ್. ತುದಿಗಳನ್ನು ಹೊಲಿದರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದ್ದರಿಂದ ರೋಗಿಯ ತೊಡೆಯ ಹಿಂಭಾಗದಿಂದಲೋ, ಮೊಣಕಾಲ ಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ಪಟ್ಟಿಯನ್ನು ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯ ಹಗ್ಗದ ಜಾಗದಲ್ಲಿ ಕೂರಿಸುತ್ತಾರೆ. ದುರ್ಬೀನಿನ ಸಹಾಯದಿಂದ ಸಣ್ಣ ರಂಧ್ರಗಳ ಮೂಲಕ ಮಾಡುವ ಈ ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಬಹುಪಾಲು ರೋಗಿಗಳು ಕೆಲವೇ ದಿನಗಳಲ್ಲಿ ಮನೆಗೆ ಹೋಗುತ್ತಾರೆ.

ನಿಜವಾದ ಚಿಕಿತ್ಸೆ ಆಮೇಲೆ ಆರಂಭವಾಗುತ್ತದೆ. ಕಸಿ ಮಾಡಿದ ಗಿಡವನ್ನು ನೆನಪಿಸಿಕೊಳ್ಳಿ. ಕಸಿ ಕಟ್ಟಿದ ದಿನವೇ ಅದು ಹಣ್ಣು ಬಿಡುವುದಿಲ್ಲ. ಹೊಸ ಪಟ್ಟಿಗೆ ತನ್ನದೇ ರಕ್ತ ಸಂಚಾರ ಇಲ್ಲ. ಮೊದಲ ಕೆಲವು ವಾರಗಳಲ್ಲಿ ಅದು ಕೂರಿಸಿದ ದಿನಕ್ಕಿಂತಲೂ ದುರ್ಬಲವಾಗುತ್ತದೆ. ನಂತರ ಸುತ್ತಲಿನಿಂದ ರಕ್ತನಾಳಗಳು ಬೆಳೆದು, ಹೊಸ ಜೀವಕೋಶಗಳು ಬಂದು, ಅದು ನಿಧಾನವಾಗಿ ಅಸ್ಥಿರಜ್ಜುವಾಗಿ ಮಾರ್ಪಡುತ್ತದೆ. ಇದಕ್ಕೆ ಒಂದರಿಂದ ಎರಡು ವರ್ಷ ಬೇಕು. ವಿಚಿತ್ರವೆಂದರೆ ಹಗ್ಗ ಅತ್ಯಂತ ದುರ್ಬಲವಾಗಿರುವ ಎರಡನೆಯ, ಮೂರನೆಯ ತಿಂಗಳಲ್ಲಿಯೇ ನೋವು ಹೋಗಿ ರೋಗಿಗೆ ತಾನು ಗುಣವಾದೆನೆಂಬ ಧೈರ್ಯ ಬಂದಿರುತ್ತದೆ.

ನೋವು ಇಲ್ಲವೆಂಬುದು ಗುಣವಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಈ ಒಂದು ವಾಕ್ಯವನ್ನು ಮನೆಯವರೆಲ್ಲರೂ ಮನದಟ್ಟು ಮಾಡಿಕೊಳ್ಳಬೇಕು.

ಒಂಬತ್ತು ತಿಂಗಳ ಲೆಕ್ಕ

ಮೊದಲ ಎರಡು ವಾರ ಊತ ಇಳಿಸಿ ಕಾಲನ್ನು ಪೂರ್ತಿ ನೇರ ಮಾಡುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಎಚ್ಚರಿಸುವುದು. ಆರು ವಾರದ ಹೊತ್ತಿಗೆ ಕುಂಟದೆ ನಡೆಯುವುದು, ಸೈಕಲ್ ತುಳಿಯುವುದು. ಮೂರು ನಾಲ್ಕು ತಿಂಗಳಿಗೆ ನೇರವಾಗಿ ನಿಧಾನದ ಓಟ. ಐದು ಆರು ತಿಂಗಳಿಗೆ ಹಾರುವುದು, ಇಳಿಯುವುದು. ಆಮೇಲೆ ದಿಕ್ಕು ಬದಲಿಸುವುದು, ಚೆಂಡಿನ ಅಭ್ಯಾಸ. ಪಂದ್ಯ ಕಡೆಯದು. ಪ್ರತಿ ಹಂತಕ್ಕೂ ಭೌತಚಿಕಿತ್ಸಕರ, ಅಂದರೆ ಫಿಸಿಯೋಥೆರಪಿಸ್ಟರ ಒಪ್ಪಿಗೆ ಬೇಕು. ಎಲ್ಲರಿಗೂ ಒಂದೇ ಪಂಚಾಂಗ ಹೊಂದುವುದಿಲ್ಲ.

ಆತುರಪಟ್ಟರೆ ಏನಾಗುತ್ತದೆ? 2016ರಲ್ಲಿ ಪ್ರಕಟವಾದ, ನಾರ್ವೆ ಹಾಗೂ ಅಮೆರಿಕದ ವಿಜ್ಞಾನಿಗಳು ಸೇರಿ ಮಾಡಿದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಬಲ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಆಟಕ್ಕೆ ಮರಳಿದವರಲ್ಲಿ ಶೇ. 38 ಮಂದಿಗೆ ಮೊಣಕಾಲು ಮತ್ತೆ ಗಾಯವಾಯಿತು. ತೇರ್ಗಡೆಯಾಗಿ ಮರಳಿದವರಲ್ಲಿ ಶೇ. 6ಕ್ಕಿಂತ ಕಡಿಮೆ. ಅದೇ ವರ್ಷ ಬಂದ ಇನ್ನೊಂದು ಸಮೀಕ್ಷೆಯ ಪ್ರಕಾರ, ಆಟಕ್ಕೆ ಮರಳಿದ 25 ವರ್ಷದೊಳಗಿನವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಕಾಲಿನ ಅಥವಾ ಇನ್ನೊಂದು ಕಾಲಿನ ಎ.ಸಿ.ಎಲ್. ಹರಿಯುತ್ತದೆ. ಯುವಕರ ಮೈ ಬೇಗ ಕೂಡುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಪರೀಕ್ಷೆ ಎಂದರೆ ಏನು? ಗಾಯದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಇರಬೇಕು. ಒಂಟಿಕಾಲಿನ ಜಿಗಿತದಲ್ಲಿ ಗಾಯದ ಕಾಲು ಇನ್ನೊಂದರ ಶೇ. 90ರಷ್ಟಾದರೂ ದೂರ ಹೋಗಬೇಕು. ಇವು ಮನೆಯಲ್ಲಿ ಮಾಡಿ ನೋಡುವ ಪರೀಕ್ಷೆಗಳಲ್ಲ. ಮನೆಯಲ್ಲಿ ಮಾಡಬಹುದಾದ್ದು ಒಂದಿದೆ. ದರ್ಜಿಯ ಅಳತೆಪಟ್ಟಿ ತೆಗೆದುಕೊಂಡು, ಚಿಪ್ಪಿನ ಮೇಲಿನ ಅಂಚಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಗಳ ಸುತ್ತಳತೆ ನೋಡಿ. ಗಾಯದ ಕಾಲಿನ ತೊಡೆ ಕಣ್ಣಿಗೆ ಕಾಣುವಷ್ಟು ಸಣ್ಣದಾಗಿದ್ದರೆ ಆ ಕಾಲು ಇನ್ನೂ ಸಿದ್ಧವಾಗಿಲ್ಲ.

ಈಗ ಅಭಿಮಾನಿಗಳ ಪ್ರಶ್ನೆಗೆ

ಉಳಿಸಿಕೊಳ್ಳಬೇಕೋ ಬಿಡಬೇಕೋ? ಯೂರೋಪಿನ ಅಗ್ರ ವೃತ್ತಿಪರ ಕ್ಲಬ್‌ಗಳ ಆಟಗಾರರನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಎ.ಸಿ.ಎಲ್. ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಒಂದು ವರ್ಷದೊಳಗೆ ತರಬೇತಿಗೆ ಮರಳಿದರು. ಆದರೆ ಮೂರು ವರ್ಷಗಳ ನಂತರವೂ ಅದೇ ಎತ್ತರದ ಮಟ್ಟದಲ್ಲಿ ಆಡುತ್ತಿದ್ದವರು ಶೇ. 65 ಮಾತ್ರ. ‘ಮುಗಿಯಿತು’ ಎನ್ನುವವರಿಗೆ ಮೊದಲ ಅಂಕಿ ಉತ್ತರ. ‘ಏನೂ ಆಗಿಲ್ಲ’ ಎನ್ನುವವರಿಗೆ ಎರಡನೆಯ ಅಂಕಿ ಉತ್ತರ. ಇಷ್ಟೆಲ್ಲ ಆರೈಕೆ ಸಿಗುವ ವೃತ್ತಿಪರರ ಮಾತು ಇದು. ಎಲ್ಲ ಮಟ್ಟದ ಆಟಗಾರರನ್ನೂ ಸೇರಿಸಿ ನೋಡಿದ 2014ರ ಸಮೀಕ್ಷೆಯಲ್ಲಿ ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು ಶೇ. 55 ಮಾತ್ರ.

ಹಾಗಾದರೆ ಒಬ್ಬ ನಿರ್ದಿಷ್ಟ ಆಟಗಾರನ ಬಗೆಗೆ ಕೇಳಬೇಕಾದ ಪ್ರಶ್ನೆಗಳು ಯಾವುವು? ಒಂದು, ಇದು ಮೊದಲ ಗಾಯವೋ ಎರಡನೆಯದೋ? ಎರಡು, ಮಿನಿಸ್ಕಸ್ ಉಳಿದಿದೆಯೋ? ಮೂರು, ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳಾಗಿದೆಯೋ, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದಾನೆಯೋ? ನಾಲ್ಕು, ಮೊಣಕಾಲಿನ ಮೇಲೆ ಅವನಿಗೆ ಮತ್ತೆ ನಂಬಿಕೆ ಬಂದಿದೆಯೋ? ಈ ನಾಲ್ಕನೆಯದು ಸಣ್ಣದಲ್ಲ. ಕಾಲು ಗಟ್ಟಿಯಾದರೂ ಮನಸ್ಸು ಹಿಂಜರಿದು ಆಟ ಬಿಟ್ಟವರು ಬಹಳ ಮಂದಿ. ಗ್ಯಾಲರಿಯಿಂದ ಬರುವ ಬೈಗುಳ ಆ ನಂಬಿಕೆಯನ್ನು ಬೆಳೆಸುವುದಿಲ್ಲ.

ನಮ್ಮ ಕ್ರಿಕೆಟಿಗರನ್ನು ನೋಡಿ. ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಅವರ ವೇಗ ಮುಗಿಯಿತೆಂದವರಿದ್ದರು. ಅವರು 2003ರ ವಿಶ್ವಕಪ್‌ವರೆಗೆ ಆಡಿದರು. ಭುಜದ ಗಾಯದಿಂದ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಕಳೆದುಕೊಂಡ ಅನಿಲ್ ಕುಂಬ್ಳೆ 2008ರಲ್ಲಿ ನಿವೃತ್ತರಾದಾಗ 619 ಟೆಸ್ಟ್ ವಿಕೆಟ್ ಗಳಿಸಿದ್ದರು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಮೊದಲು ಬೆನ್ನುಮೂಳೆಯ ಬಿರುಕಿನಿಂದ, ಆಮೇಲೆ ತೊಡೆಯ ಸ್ನಾಯುರಜ್ಜುವಿನ ಶಸ್ತ್ರಚಿಕಿತ್ಸೆಯಿಂದ 2023 ಹಾಗೂ 2024ರ ಐ.ಪಿ.ಎಲ್. ಎರಡನ್ನೂ ಆಡಲಿಲ್ಲ. ಆ ಬಳಿಕ ಗುಜರಾತ್ ಟೈಟನ್ಸ್ 9.5 ಕೋಟಿ ರೂಪಾಯಿಗೆ ಅವರನ್ನು ಕೊಂಡಿತು. 2025ರಲ್ಲಿ 25 ವಿಕೆಟ್ ಪಡೆದು ಆ ಋತುವಿನಲ್ಲಿ ಅತಿ ಹೆಚ್ಚು ವಿಕೆಟ್ ಗಳಿಸಿದವರು ಅವರೇ. ಇವರೆಲ್ಲರಲ್ಲಿ ಸಮಾನವಾದದ್ದು ಎಂದರೆ ಗುಣವಾಗಲು ಬೇಕಾದ ಕಾಲ ಸಿಕ್ಕಿತು.

ಕುಣಿಗಲ್ಲಿನಲ್ಲಿ ಹೆಸರಾಂತ ಕುದುರೆ ಫಾರಂ ಇದೆ. ಓಟದ ಕುದುರೆಯ ಕಾಲು ಕೆಟ್ಟದಾಗಿ ಮುರಿದರೆ ಅದನ್ನು ಉಳಿಸಿಕೊಳ್ಳುವುದು ಬಹಳ ಕಷ್ಟವೆಂದು ಅಲ್ಲಿಯ ಸುತ್ತಲಿನವರಿಗೆ ಗೊತ್ತು. ಅಷ್ಟು ಭಾರದ ಪ್ರಾಣಿ ಮೂರು ಕಾಲಿನಲ್ಲಿ ವಾರಗಟ್ಟಲೆ ನಿಲ್ಲಲಾರದು, ಮಲಗಿಯೂ ಇರಲಾರದು. ಮನುಷ್ಯನ ಸ್ಥಿತಿ ಹಾಗಲ್ಲ. ಊರುಗೋಲು ಹಿಡಿದು, ಕಾದು, ಕಲಿತು ಎದ್ದುನಿಲ್ಲಬಲ್ಲ. ಅವನ ಬಗೆಗೆ ಕುದುರೆಯ ಲೆಕ್ಕದಲ್ಲಿ ಮಾತನಾಡುವುದು ಸರಿಯಲ್ಲ.

ಕರಾರೇ ಇಲ್ಲದ ಆಟಗಾರರು

ದೊಡ್ಡ ಆಟಗಾರನಿಗೆ ಕಾನೂನಿನ ರಕ್ಷಣೆ ಇದೆ. ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಕರಾರು ಊರ್ಜಿತ ಎಂಬ ಷರತ್ತನ್ನು ಹಾಕುವಂತಿಲ್ಲವೆಂದು ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫೀಫಾದ ನಿಯಮವಿದೆ. ಪರೀಕ್ಷೆ ಏನಿದ್ದರೂ ಸಹಿಗೆ ಮೊದಲೇ ಆಗಬೇಕು. ದೇಶದ ಪರವಾಗಿ ಆಡುವಾಗ ಗಾಯಗೊಂಡು 28 ದಿನಕ್ಕಿಂತ ಹೆಚ್ಚು ಹೊರಗುಳಿದ ಆಟಗಾರನ ಸಂಬಳಕ್ಕಾಗಿ ಕ್ಲಬ್ಬಿಗೆ ಪರಿಹಾರ ಕೊಡುವ ಏರ್ಪಾಡೂ 2012ರಿಂದ ಇದೆ.

ನಮ್ಮ ಹುಡುಗನಿಗೆ ಏನಿದೆ? ತಾಲ್ಲೂಕು ಮಟ್ಟದಲ್ಲಿ ಗೆದ್ದರೆ ಜಿಲ್ಲಾ ಮಟ್ಟ, ಅಲ್ಲಿ ಗೆದ್ದರೆ ಒಂದು ಪ್ರಮಾಣಪತ್ರ. ಅದರಿಂದ ಕ್ರೀಡಾ ಮೀಸಲಿನಲ್ಲಿ ಕಾಲೇಜು ಸೀಟು, ಅದೃಷ್ಟವಿದ್ದರೆ ಪೊಲೀಸ್ ಅಥವಾ ರೈಲ್ವೆಯಲ್ಲಿ ಕೆಲಸ. ಈ ಆಸೆಯಿಂದಲೇ ಊದಿದ ಮೊಣಕಾಲಿಗೆ ಬಟ್ಟೆ ಸುತ್ತಿ, ನೋವಿನ ಮಾತ್ರೆ ನುಂಗಿ, ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಇಳಿಯುವವರನ್ನು ವೈದ್ಯರಾದ ನಾವು ಆಮೇಲೆ ನೋಡುತ್ತೇವೆ. ‘ಇದೊಂದು ಪಂದ್ಯ ಆಡಿಬಿಡಲಿ ಸಾರ್, ಒಂದು ಇಂಜೆಕ್ಷನ್ ಕೊಡಿ’ ಎಂದು ಕೇಳುವ ತರಬೇತುದಾರರೂ ಉಂಟು. ಕೇಳುವುದರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ನೋವು ಎಂಬುದು ಮನೆಗೆ ಕಾವಲುಗಾರ ಇದ್ದಂತೆ. ಇಂಜೆಕ್ಷನ್ ಕೊಟ್ಟು ಅವನನ್ನು ಮಲಗಿಸಿದರೆ ಕಳ್ಳನಿಗೆ ಬಾಗಿಲು ತೆರೆದಂತೆಯೇ.

ಇಲ್ಲಿ ಪಣಕ್ಕಿಟ್ಟಿರುವುದು ಒಂದು ಪಂದ್ಯವಲ್ಲ. ಮಿನಿಸ್ಕಸ್ ಕಳೆದುಕೊಂಡ ಮೊಣಕಾಲು ಬೇಗ ಸವೆಯುತ್ತದೆ. ಅಜ್ಜನಿಗೆ 65ನೆಯ ವಯಸ್ಸಿನಲ್ಲಿ ಬಂದ ಮೊಣಕಾಲು ನೋವು ಮೊಮ್ಮಗನಿಗೆ 35ಕ್ಕೇ ಬರಬಹುದು. ಕುಕ್ಕುರುಗಾಲಿನಲ್ಲಿ ಕೂರುವುದು, ಹೊಲದಲ್ಲಿ ಬಗ್ಗಿ ಏಳುವುದು, ಮೂಟೆ ಹೊರುವುದು, ಮೆಟ್ಟಿಲು ಹತ್ತುವುದು ಎಲ್ಲಕ್ಕೂ ಅದೇ ಮೊಣಕಾಲು ಬೇಕು. ಹದಿನೆಂಟರ ಹುಡುಗನ ಪಾಲಿಗೆ ಇನ್ನೂ ಐವತ್ತು ವರ್ಷದ ದುಡಿಮೆ ಆ ಕೀಲಿನ ಮೇಲೆ ನಿಂತಿದೆ. ಶಾಲಾ ಕಾಲೇಜುಗಳ ಆಡಳಿತದವರು ಪಂದ್ಯಕ್ಕೆ ಕಳಿಸುವ ಮೊದಲೇ ವಿದ್ಯಾರ್ಥಿಗಳಿಗೆ ಅಪಘಾತ ವಿಮೆ ಮಾಡಿಸುವುದು ಒಳ್ಳೆಯದು. ಪೋಷಕರೂ ಅದನ್ನು ಕೇಳಬೇಕು.

ಬಾರದಂತೆ ತಡೆಯಬಹುದೆ?

ಪೂರ್ತಿಯಾಗಿ ಅಲ್ಲ, ಗಣನೀಯವಾಗಿ ಹೌದು. ಫೀಫಾದ ನೆರವಿನಿಂದ ರೂಪಿಸಿದ ‘11 ಪ್ಲಸ್’ ಎಂಬ 20 ನಿಮಿಷದ ಪೂರ್ವಾಭ್ಯಾಸವಿದೆ. ನಿಧಾನದ ಓಟ, ಒಂಟಿಕಾಲಿನ ಸಮತೋಲನ, ಬಸ್ಕಿ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ವ್ಯಾಯಾಮ, ಹಾರಿ ಮೆತ್ತಗೆ ಇಳಿಯುವುದು ಇಷ್ಟೇ ಅದರಲ್ಲಿರುವುದು. ಉಪಕರಣ ಬೇಡ, ಖರ್ಚಿಲ್ಲ. ನಾರ್ವೆಯ ಫುಟ್‌ಬಾಲ್ ಆಡುವ ಹುಡುಗಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಅನುಸರಿಸಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾದವು. ವಾರಕ್ಕೆ ಎರಡು ಮೂರು ಬಾರಿ ತಪ್ಪದೆ ಮಾಡಬೇಕು. ಹಾರಿ ಇಳಿಯುವಾಗ ಎರಡು ಮೊಣಕಾಲುಗಳೂ ಮಡಚಿರಬೇಕು, ಒಂದನ್ನೊಂದು ಮುಟ್ಟುವಂತೆ ಒಳಕ್ಕೆ ಬಾಗಬಾರದು. ಕಬಡ್ಡಿ, ವಾಲಿಬಾಲ್ ಆಡಿಸುವ ದೈಹಿಕ ಶಿಕ್ಷಕರೂ ಇದನ್ನು ಅಳವಡಿಸಿಕೊಳ್ಳಬಹುದು.

ಮನೆಯವರು ಕೇಳುವ ಕೆಲವು ಪ್ರಶ್ನೆಗಳು

ಮೊಣಕಾಲು ಪಟ್ಟಿ ಹಾಕಿಕೊಂಡು ಆಡಬಹುದೆ? ಅಂಗಡಿಯಲ್ಲಿ ಸಿಗುವ ಬಟ್ಟೆಯ ಪಟ್ಟಿ ಬೆಚ್ಚಗಿರಿಸುತ್ತದೆ, ಧೈರ್ಯ ಕೊಡುತ್ತದೆ. ಹರಿದ ಅಸ್ಥಿರಜ್ಜುವಿನ ಕೆಲಸವನ್ನು ಅದು ಮಾಡಲಾರದು.

ಹಾಲು, ಮೊಟ್ಟೆ, ಕಾಲುಸೂಪು ಕೊಟ್ಟರೆ ಬೇಗ ಕೂಡುತ್ತದೆಯೆ? ಸ್ನಾಯು ಬೆಳೆಯಲು ಸಸಾರಜನಕ ಬೇಕು. ಕಾಳು, ಬೇಳೆ, ಹಾಲು, ಮೊಟ್ಟೆ ಯಾವುದಾದರೂ ಆಗಬಹುದು. ವ್ಯಾಯಾಮವಿಲ್ಲದೆ ತಿಂದರೆ ಬೊಜ್ಜು ಬೆಳೆಯುತ್ತದೆ, ತೊಡೆ ಬೆಳೆಯುವುದಿಲ್ಲ. ಬೀಡಿ ಸಿಗರೇಟು ಮಾತ್ರ ಬಿಡಲೇಬೇಕು. ಧೂಮಪಾನ ಕೂಡುವಿಕೆಯನ್ನು ಕೆಡಿಸುತ್ತದೆ.

ತುಮಕೂರಿಗೆ ದಿನಾ ವ್ಯಾಯಾಮಕ್ಕೆ ಬರಲು ಆಗುವುದಿಲ್ಲ, ಏನು ಮಾಡುವುದು? ದಿನಾ ಬರಬೇಕಾಗಿಲ್ಲ. ಎರಡು ವಾರಕ್ಕೊಮ್ಮೆ ಬಂದು ಮುಂದಿನ ಹಂತದ ವ್ಯಾಯಾಮವನ್ನು ಕಲಿತುಹೋಗಿ, ಮನೆಯಲ್ಲಿ ದಿನಕ್ಕೆ ಎರಡು ಬಾರಿ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಆಟ ಬಿಟ್ಟುಬಿಡುವುದೇ ಒಳ್ಳೆಯದಲ್ಲವೆ? ಇದು ಹುಡುಗನನ್ನೂ ಕೂರಿಸಿಕೊಂಡು ಮಾತನಾಡಬೇಕಾದ ವಿಷಯ. ಬಿಟ್ಟರೂ ತಪ್ಪಲ್ಲ, ಮರಳಿದರೂ ತಪ್ಪಲ್ಲ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ತೊಡೆಯ ಬಲ ಬೆಳೆಸುವ ವ್ಯಾಯಾಮವನ್ನು ಬಿಡುವಂತಿಲ್ಲ. ಈ ವರ್ಷದ ಪಂದ್ಯ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಇರುತ್ತದೆ. ತಜ್ಞರು ಒಂಬತ್ತು ತಿಂಗಳು ಎಂದರೆ ಒಂಬತ್ತು ತಿಂಗಳೂ ಕಾಯಿರಿ.